ಮರಕ್ಕೆ ಕಟ್ಟಿದ ಬಟ್ಟೆ

ಎರಡು ಅಕ್ರೋಟು ಮರಗಳ ನಡುವೆ, ಸೈಕಲ್ ತುಳಿಯುವವರ ಕುತ್ತಿಗೆಯ ಮಟ್ಟಕ್ಕೆ, ಯಾರೋ ತಂತಿ ಬಿಗಿದಿದ್ದರು. ಮಂಗಳವಾರ ಬೆಳಿಗ್ಗೆ ಸನೋಬರ್ ಇಳಿಜಾರಿನಲ್ಲಿ ಬಂದು ಅದಕ್ಕೆ ಸಿಕ್ಕಿದಳು. ಅವಳು ಬದುಕಿದ್ದಾಳೆ, ಮಾತಾಡಲು ಆಗುತ್ತಿಲ್ಲ. ಬುಧವಾರ, ಊರಿಗೆಲ್ಲ ಚಿಕ್ಕಪ್ಪನಾದ ಎರ್ಗಶ್ ಅಮಕಿಯನ್ನು ಹಿಡಿದು ಅರಣ್ಯ ಕಚೇರಿಯ ಕೋಣೆಯಲ್ಲಿ ಕೂರಿಸಿದರು.

"ಮುಟ್ಬೇಡ ಅಂದ್ನಲ್ಲೋ!"

ಓಯ್ದಿನ್ ಓಪಾ ನನ್ನ ಕೈ ಮೇಲೆ ಪಟ್ಟನೆ ಹೊಡೆದರು. ಅಷ್ಟರಲ್ಲಿ ತಂತಿಯ ಅಡಿಗೆ ಸುತ್ತಿದ್ದ ಬಟ್ಟೆಯ ಮೇಲೆ ನನ್ನ ಹೆಬ್ಬೆರಳು ಕೂತುಬಿಟ್ಟಿತ್ತು.

ಆಕೆ ಜಿಲ್ಲೆಯಿಂದ ಬಂದ ತನಿಖಾಧಿಕಾರಿ, ದಾರಿ ತೋರಿಸಲು ನನ್ನನ್ನು ಕರೆದುಕೊಂಡಿದ್ದರು. ಐವತ್ತರ ಆಸುಪಾಸು, ತಲೆಗೆ ಹೂವಿನ ಚೌಕ, ಕಾಲಿಗೆ ಗಂಡಸರ ರಬ್ಬರ್ ಬೂಟು. ಕೆನ್ನೆಯೊಳಗೆ ಸದಾ ಒಂದು ಒಣಮೊಸರಿನ ಉಪ್ಪುಂಡೆ. ಯೋಚನೆ ಬಿಗಿಯಾದಷ್ಟೂ ಆ ಉಂಡೆ ಈ ಕೆನ್ನೆಯಿಂದ ಆ ಕೆನ್ನೆಗೆ ಓಡುತ್ತದೆ. ಮೇಡಂ ಅಂದರೆ ಸಿಡುಕುತ್ತಾರೆ. ಹುಟ್ಟಿದ್ದು ಪಕ್ಕದ ಕಣಿವೆಯಲ್ಲಿ, ನಮಗೆಲ್ಲ ಅಕ್ಕ, ಓಪಾ, ಅಷ್ಟೇ.

"ಕ್ಷಮಿಸಿ ಓಪಾ. ಎಷ್ಟು ಗಟ್ಟಿ ಕಟ್ಟಿದಾರೆ ನೋಡೋಣ ಅಂತ..."

"ನಿನ್ನ ಕಣ್ಣು ಬೆರಳಲ್ಲಿದೆಯಾ?"

ಸುತ್ತ ಕಾಡು ಸಂತೆಯಾಗಿತ್ತು. ಕೊಯ್ಲಿನ ಕಾಲದಲ್ಲಿ ನಮ್ಮ ಊರು ಊರಲ್ಲಿರುವುದಿಲ್ಲ. ಹಸು, ಒಲೆ, ಹಾಸಿಗೆ, ಅಜ್ಜಿ ಸಮೇತ ಅಕ್ರೋಟು ಕಾಡಿಗೆ ಬಂದು ತಮ್ಮ ತಮ್ಮ ಗುತ್ತಿಗೆಯ ಮರಗಳ ಕೆಳಗೆ ಗುಡಾರ ಹಾಕುತ್ತದೆ. ಪಕ್ಕದ ಮರದ ತುದಿಯಲ್ಲಿ ಒಬ್ಬ ಕೊಂಬೆ ಅಲ್ಲಾಡಿಸುತ್ತಿದ್ದ. "ನಿಮ್ಮಪ್ಪಾನೂ ಹಿಂಗೇ ನಿಂತು ಬಿದ್ದಿದ್ದು, ನೆನಪಿರ್ಲಿ" ಅಂತ ಕೆಳಗಿನಿಂದ ಹೆಂಡತಿ ಕೂಗುತ್ತಿದ್ದಳು.

ಇಂಥ ಕಾಡಿನಲ್ಲಿ ಸೈಕಲ್ ಬಿಡಬೇಕಾದರೆ ನಾವು ಹಿಡಿಗೆ ಆಡಿನ ಕೊರಳಗಂಟೆ ಕಟ್ಟಿಕೊಳ್ಳುತ್ತೇವೆ. ಗಂಟೆ ಕೇಳಿದರೆ ಜನ ದಾರಿಗೆ ಹಾಸಿದ ಚಾದರ ಎತ್ತುತ್ತಾರೆ. ಮರದ ಮೇಲೆ ಯಾರಾದರೂ ಇದ್ದರೆ ನಾವು ಇಳಿದು ಕಾಯುತ್ತೇವೆ. ಮಂಗಳವಾರ ಸನೋಬರಳ ಗಂಟೆಯನ್ನು ಎಲ್ಲರೂ ಕೇಳಿದ್ದರು. ಬಂತು, ಬಂತು, ನಿಂತಿತು ಅಂದರು.

"ಆ ಬೋತಿರ್ ಏನಂತಾನೆ?" ಓಪಾ ಕೇಳಿದರು.

ಬೋತಿರ್ ಎಂದರೆ ಅರಣ್ಯ ಕಚೇರಿಯ ಮುಖ್ಯಸ್ಥ. "ಎರ್ಗಶ್ ಅಮಕಿ ಬಜಾರಿನಲ್ಲಿ ನಮ್ಮ ಸೈಕಲ್ಲಿನವರ ಮೇಲೆ ಕೂಗಾಡಿದ್ರಂತೆ, ನಿಮ್ಮ ಕುತ್ತಿಗೆಗೆ ತಂತಿ ಕಟ್ತೀನಿ ಅಂತ. ತಂತಿ ಅವರ ಬೇಲೀದೇ. ಮರ ಅವರ ಗುತ್ತಿಗೆಯ ಅಂಚಲ್ಲಿದೆ. ಎಲ್ಲಕ್ಕಿಂತ ದೊಡ್ಡ ಸಾಕ್ಷಿ ಈ ಬಟ್ಟೆ ಅಂತೆ."

"ಹೇಗೆ?"

"ತೊಗಟೆಗೆ ಗಾಯ ಆಗಬಾರದು ಅಂತ ತಂತಿ ಕೆಳಗೆ ಬಟ್ಟೆ ಸುತ್ತೋನು ಹೊರಗಿನವನಲ್ಲ. ಮರ ಪ್ರೀತಿಸೋ ಊರಿನವನೇ ಅಂತೆ."

ಇದು ನಿಜವೇ. ನಮ್ಮಲ್ಲಿ ಅಕ್ರೋಟು ಮರಕ್ಕೆ ಮೊಳೆ ಹೊಡೆಯುವುದಿಲ್ಲ. ಹಗ್ಗ ಕಟ್ಟಬೇಕಾದರೂ ಅಡಿಗೆ ಬಟ್ಟೆ ಇಡುತ್ತೇವೆ. ಅಜ್ಜಿಯಂದಿರು ಕಲಿಸಿದ್ದು. ಆ ಮರ್ಯಾದೆಯನ್ನೇ ಈಗ ನಮ್ಮವರ ಕೈಗೆ ಕೋಳ ಮಾಡಿದ್ದರು. ಸಂಜೆ ಜೀಪು ಬರುತ್ತದೆ, ಅಮಕಿಯನ್ನು ಜಿಲ್ಲೆಯ ಜೈಲಿಗೆ ಒಯ್ಯುತ್ತದೆ. ಜೈಲಿಗೆ ಹೋದವನ ಗುತ್ತಿಗೆ ರದ್ದು. ತಾತ ಮುತ್ತಾತಂದಿರು ಅಲ್ಲಾಡಿಸಿದ ಮರಗಳು ಕಚೇರಿಯವರ ಕೈ ಸೇರುತ್ತವೆ. ಅಮಕಿಯ ಹೆಂಡತಿ ಆಗಲೂ ಮರದ ಕೆಳಗೆ ಒಬ್ಬಳೇ ಕೂತು ಕಾಯಿ ಸುಲಿಯುತ್ತಿದ್ದಳು. ನಮ್ಮ ಕಡೆ ತಿರುಗಿಯೂ ನೋಡಲಿಲ್ಲ.

ಓಪಾ ಬಟ್ಟೆಗೆ ಮೂಗು ತಾಗುವಷ್ಟು ಬಗ್ಗಿದರು. ಹಿಟ್ಟಿನ ಚೀಲದಿಂದ ಹರಿದ ಬಿಳಿ ಪಟ್ಟಿ. ಕೆನ್ನೆಯ ಉಂಡೆ ನಿಂತಿತು.

"ನಿಶೋನ್, ಬೆಳಿಗ್ಗೆ ಏನು ಮಾಡ್ತಿದ್ದೆ?"

"ಅಮ್ಮನ ಜೊತೆ ಕಾಯಿ ಸುಲೀತಿದ್ದೆ."

"ನಿನ್ನ ಹೆಬ್ಬೆರಳು ಎಲ್ಲಿ ಕೂತಿತ್ತು ನೋಡು."

ನೋಡಿದೆ. ಬಿಳಿ ಬಟ್ಟೆಯ ಮೇಲೆ ಹಳದಿ ಬೆರೆತ ಕಂದು ಗುರುತು. ಹಸಿರು ಸಿಪ್ಪೆಯ ರಸ. ಗಾಳಿ ತಗಲಿದಷ್ಟೂ ಕಪ್ಪಾಗುತ್ತದೆ, ಯಾವ ಸಾಬೂನಿಗೂ ಹೋಗುವುದಿಲ್ಲ. ಕೊಯ್ಲಿನ ಹೊತ್ತಿನಲ್ಲಿ ನಮ್ಮ ನಾನ್ ರೊಟ್ಟಿಯ ಮೇಲೆ, ಚಹಾ ಬಟ್ಟಲ ಮೇಲೆ, ಮಕ್ಕಳ ಕೆನ್ನೆ ಮೇಲೆ, ಎಲ್ಲ ಕಡೆ ಈ ಗುರುತೇ.

"ನಿನ್ನದು ಬಿಟ್ಟು ಇನ್ನೊಂದು ಗುರುತು ತೋರಿಸು ನೋಡೋಣ," ಓಪಾ ಅಂದರು.

ಮಡಿಕೆ ಬಿಡಿಸಿ ನೋಡಿದೆವು. ಗಂಟಿನ ಹತ್ತಿರ, ಹಿಂಬದಿಯಲ್ಲಿ, ಎಲ್ಲೂ ಇಲ್ಲ. ಎದುರಿನ ಮರದ ಬಟ್ಟೆಯಲ್ಲೂ ಇಲ್ಲ. ಎರಡೂ ಹೆಣಕ್ಕೆ ಹೊದಿಸುವ ಕಫನದಷ್ಟು ಬೆಳ್ಳಗಿದ್ದವು.

"ಎರ್ಗಶ್ ಕಟ್ಟಿದ್ರೆ ಇದು ಒಲೆ ಒರೆಸಿದ ಬಟ್ಟೆ ಥರ ಇರ್ಬೇಕಿತ್ತು. ಕಟ್ಟಿದ್ದು ಊರಿನವನೇ, ಮರದ ಮರ್ಯಾದೆ ಗೊತ್ತಿದ್ದವನು. ಆದ್ರೆ ಈ ವರ್ಷ ಒಂದು ಕಾಯೀನೂ ಸುಲಿದಿಲ್ಲ. ಈ ಕಾಡಲ್ಲಿ ಕೈ ಬೆಳ್ಳಗಿರೋ ಊರಿನವರು ಯಾರೋ?"

"ಅರಣ್ಯ ಕಚೇರಿಯ ಕಾವಲುಗಾರರು. ಕೊಯ್ಲು ಮುಗಿಯೋವರೆಗೆ ಅವರು ಕಾಯಿ ಮುಟ್ಟೋ ಹಾಗಿಲ್ಲ, ಕಾನೂನು. ಅದಕ್ಕೇ ನಾವು ಶುಹ್ರತ್‌ನನ್ನ ಕೆಲಸ ಮುಟ್ಟದ ಮದುಮಗಳ ಕೈ ಅಂತ ರೇಗಿಸೋದು..."

ಓಪಾ ನನ್ನತ್ತ ತಿರುಗಿದರು.

"ಯಾರಪ್ಪ ಈ ಮದುಮಗಳು?"

ಹೇಳಲೇಬೇಕಾಯಿತು. ಶುಹ್ರತ್ ನಮ್ಮ ಮೂರನೆಯವನು. ಸನೋಬರ್, ನಾನು, ಅವನು. ಮೇಲಿನ ಹುಲ್ಲುಗಾವಲಿನಿಂದ ಕೆಳಗಿನ ಬಜಾರಿನವರೆಗೆ, ಒಮ್ಮೆಯೂ ಸೈಕಲ್ ಹೆಗಲಿಗೆ ಏರಿಸದೆ ಇಳಿಯುವ ಒಂದೇ ದಾರಿಗಾಗಿ ನಾವು ಮೂವರೂ ವರ್ಷಗಟ್ಟಲೆ ಹುಡುಕಿದ್ದೆವು. ದನದ ಜಾಡು ಸಿಕ್ಕಿತು, ಅದನ್ನು ಒಣಗಿದ ನೀರುಗಾಲುವೆಗೆ ಸೇರಿಸಿದೆವು. ಕೆಳಗೆ ಹುಲ್ಲುಗಾಡಿಯ ದಾರಿ ಇತ್ತು. ನಡುವೆ ಮುಳ್ಳುಪೊದೆಯ ಒಂದು ತುಂಡು ಮಾತ್ರ ಬಾಯಿ ಬಿಡಲಿಲ್ಲ. ಈ ಭಾನುವಾರ ಆ ಕೊಂಡಿಯೂ ಸಿಕ್ಕಿತು. ಒಂದು ಹಸಿ ಕೊಂಬೆ ಕಡಿಯಲಿಲ್ಲ, ಬಿದ್ದ ಕೊಂಬೆ ಸರಿಸಿದೆವು ಅಷ್ಟೇ. ಮೊದಲು ಇಳಿಯುವ ಹಕ್ಕು ಸನೋಬರಳದು ಅಂತ ತೀರ್ಮಾನವಾಯಿತು.

"ಆ ಕೊಂಡಿ ಬೇರೆ ಯಾರಿಗೆ ಗೊತ್ತಿತ್ತು?"

"ಯಾರಿಗೂ ಇಲ್ಲ."

"ಮೂವರಲ್ಲಿ ಒಬ್ಬಳ ಗಂಟಲು ಕೊಯ್ದಿದೆ. ಒಬ್ಬನ ಕೈ ಕಪ್ಪು."

ಶುಹ್ರತ್ ವಸಂತದಲ್ಲಿ ಕಾವಲುಗಾರನ ಕೆಲಸಕ್ಕೆ ಸೇರಿದ್ದ. ಸನೋಬರಳ ಹರಿದ ಟೈರಿಗೆ ತನ್ನದೇ ಬಿಚ್ಚಿ ಕೊಟ್ಟು ಬೆಟ್ಟದಿಂದ ನಡೆದು ಇಳಿದ ಹುಡುಗ ಅವನು.

ಓಪಾ ಫೋನು ತೆಗೆದರು. "ಬೋತಿರ್ ಅವ್ರಾ? ಜೀಪು ತಡೀರಿ. ಬಟ್ಟೆ ಮೇಲೆ ಸಿಪ್ಪೆಯ ಒಂದು ಗುರುತೂ ಇಲ್ಲ. ಕಪ್ಪು ಕೈಯವರು ಕಟ್ಟಿದ್ದಲ್ಲ ಇದು... ಹೂಂ, ಬರ್ತೀನಿ."

"ಅವನಿಗ್ಯಾಕೆ ಹೇಳಿದ್ರಿ ಓಪಾ?" ನನಗೆ ರೇಗಿತು.

"ಅವನೊಬ್ಬನಿಗೇ ಹೇಳಿದೀನಿ," ಎಂದು ಉಂಡೆಯನ್ನು ಆ ಕೆನ್ನೆಗೆ ದಾಟಿಸಿದರು. "ನಡಿ, ನಿಮ್ಮ ಕೊಂಡಿ ತೋರಿಸು. ಸೈಕಲ್ ಮೇಲೆ ಕೂರು ಅಂದ್ರೆ ಮಾತ್ರ ನಿನ್ನನ್ನೇ ಒಳಗೆ ಹಾಕ್ತೀನಿ."

ಸೈಕಲ್ ತಳ್ಳಿಕೊಂಡು ತಂತಿಯ ಜಾಗದಿಂದ ಕೆಳಗಿಳಿದೆವು. ಮುಳ್ಳುಪೊದೆ ಬಾಗಿ ಸುರಂಗವಾಗುವ ಜಾಗ. ಅದು ದಾಟಿದರೆ ನೆಲ ಮೆತ್ತಗಾಗುತ್ತದೆ. ಚಕ್ರ ಸದ್ದಿಲ್ಲದೆ ಹೂತು ಏಳುತ್ತದೆ. ಭಾನುವಾರ ಸನೋಬರ್ ಅಲ್ಲಿ ಕುಣಿದಿದ್ದಳು, ಇಡೀ ಕಾಡಲ್ಲಿ ಇಂಥ ಮಣ್ಣಿಲ್ಲ ಕಣ್ರೋ, ರತ್ನಗಂಬಳಿ ಅಂತ.

"ಎಲೆ ಕೊಳೆತ ಮಣ್ಣು ಓಪಾ. ಬಿದ್ರೂ ಪೆಟ್ಟಾಗಲ್ಲ."

ಓಪಾ ಬೂಟಿನ ತುದಿಯಿಂದ ಕೆದಕಿದರು. ಮೇಲೆ ಎಲೆ. ಅದರಡಿಗೆ ಇನ್ನಷ್ಟು ಎಲೆ, ಯಾರೋ ಹಾಸಿದ ಹಾಗೆ. ಅದರಡಿಗೆ ಮಣ್ಣಿರಲಿಲ್ಲ. ಹಿಡಿ ತುಂಬ ಎತ್ತಿ ನನ್ನ ಮೂಗಿಗೆ ಹಿಡಿದರು.

ಗರಗಸದ ಹುಡಿ.

ಸೈಕಲ್ ಓಡಿಸುವವನ ಕಣ್ಣು ನೆಲ ಬಿಟ್ಟು ಮೇಲೇಳುವುದಿಲ್ಲ. ಬೇರು ಎಲ್ಲಿ, ಕಲ್ಲು ಎಲ್ಲಿ, ಚಕ್ರ ಎಲ್ಲಿ ಜಾರೀತು. ನಾವು ಮೂವರೂ ಆ ನೆಲವನ್ನು ಹೊಗಳಿದ್ದೆವೇ ಹೊರತು ಎಲ್ಲಿಂದ ಬಂತು ಅಂತ ತಲೆಯೆತ್ತಿ ನೋಡಿರಲಿಲ್ಲ. ಈಗ ನೋಡಿದೆ. ಪೊದೆಯ ಆಚೆ ನಿಂತ ಮುದಿ ಮರಗಳ ಬುಡದಲ್ಲಿ ಸಗಣಿ ಮೆತ್ತಿತ್ತು. ಓಪಾ ಕಡ್ಡಿಯಿಂದ ಕೆರೆದರು. ಒಳಗೆ ಹಸಿ ಗಾಯ. ಬುಡದಲ್ಲಿ ಉಬ್ಬಿ ಬೆಳೆದಿದ್ದ ಗಂಟನ್ನು, ಸುತ್ತಲಿನ ಜೀವವನ್ನೂ ಸೇರಿಸಿ, ಗರಗಸದಲ್ಲಿ ಕೊಯ್ದು ಒಯ್ದಿದ್ದರು. ಒಂದಲ್ಲ, ಕಣ್ಣು ಹಾಯುವಷ್ಟು ದೂರ ಸಗಣಿ ಮೆತ್ತಿದ ಬುಡಗಳೇ.

ಆ ಗಂಟಿನ ಸುಳಿಗೆರೆಗಳು ಪರದೇಶದ ಸಿರಿವಂತರ ಮೇಜಿಗೆ ಬೇಕು. ಗಂಟು ಹೋದ ಮರ ಎರಡು ಚಳಿಗಾಲದೊಳಗೆ ನಿಂತಲ್ಲೇ ಸಾಯುತ್ತದೆ. ಉರುವಲಿಗೆ ಒಂದು ಒಣಕೊಂಬೆ ಮುರಿದ ಮುದುಕಿಗೆ ದಂಡ ಹಾಕುವ ಕಚೇರಿಗೆ, ಕಾಡು ನಮ್ಮದು ಅಂತ ಕಂಬಕಂಬಕ್ಕೂ ಫಲಕ ಹೊಡೆದ ಕಚೇರಿಗೆ, ಈ ಗರಗಸದ ಸದ್ದು ಕೇಳಿರಲಿಲ್ಲವಂತೆ!

"ನಿಮ್ಮ ದಾರಿ ಯಾಕೆ ಮುಚ್ಚಬೇಕಾಗಿತ್ತು ಗೊತ್ತಾಯ್ತಾ?" ಓಪಾ ಮೆಲ್ಲಗೆ ಕೇಳಿದರು. "ಇವತ್ತು ನೀವು ಮೂವರು. ನಾಳೆ ಅತಿಥಿಗೃಹದ ವಿದೇಶಿಯರು. ನೂರು ಜನ ಇದರ ಪಕ್ಕದಲ್ಲೇ ಇಳೀತಾರೆ. ಒಬ್ಬನಾದ್ರೂ ತಲೆ ಎತ್ತಿಯಾನು."

ಮಧ್ಯಾಹ್ನ ಕಳೆದ ಮೇಲೆ ಕಚೇರಿ ತಲುಪಿದೆವು.

ಬೋತಿರ್ ಎದ್ದು ಬಂದು ಬರಮಾಡಿಕೊಂಡ. ದಪ್ಪ ದೇಹ, ಮೆದು ದನಿ. "ಬಾ ತಂಗಿ, ದಣಿದಿದೀಯ." ಒಳಕೋಣೆಯ ಬಾಗಿಲು ತೆರೆಸಿ ಅಮಕಿಯನ್ನೂ ಕರೆಸಿದ, ನಮ್ಮಲ್ಲಿ ಮುಚ್ಚುಮರೆ ಏನಿದೆ ಅನ್ನುವ ಹಾಗೆ. ಅಮಕಿ ನೆಲಹಾಸಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತರು. ಗಡ್ಡ ಕೆದರಿತ್ತು. ನನ್ನನ್ನು ಕಂಡು, "ನೀನೂ ಬಂದ್ಯಾ, ಗಂಟೆಮಾರಿ" ಅಂದರು.

ಬೋತಿರ್ ತಾನೇ ಚಹಾ ಸುರಿದ. ಓಪಾ ಅವರ ಬಟ್ಟಲನ್ನು ಅಂಚಿನವರೆಗೆ ತುಂಬಿಸಿದ. ನಾನು ಬೆಚ್ಚಿದೆ. ಅತಿಥಿ ಕೂತಿರಲಿ ಅಂದರೆ ಬಟ್ಟಲಿನ ತಳಕ್ಕಷ್ಟೇ ಸುರಿಯುತ್ತೇವೆ, ಮತ್ತೆ ಮತ್ತೆ ಸುರಿಯುತ್ತೇವೆ. ತುಂಬಿಸಿ ಕೊಟ್ಟರೆ, ಕುಡಿದು ಎದ್ದು ಹೋಗು ಅಂತ.

ಓಪಾ ತುಂಬಿದ ಬಟ್ಟಲನ್ನು ಪಕ್ಕಕ್ಕೆ ಸರಿಸಿದರು. "ಬಿಸಿ ಇದೆ. ಆರಲಿ. ನನಗೇನೂ ಅವಸರವಿಲ್ಲ."

"ಬಜಾರಿನಲ್ಲಿ ಕೂಗಾಡಿದ್ದು ಇವನೇ ಅಲ್ವಾ?" ಬೋತಿರ್ ಅಮಕಿಯತ್ತ ಗದ್ದ ಎತ್ತಿದ.

"ಕೂಗಾಡಿದೀನಿ," ಅಮಕಿ ಅಂದರು. "ಗಂಟೆ ಬಾರಿಸ್ಕೊಂಡು ಬಂದು ನನ್ನ ಹಸುವಿನ ಹಾಲು ಬತ್ತಿಸಿದ್ರೆ ಲಾಲಿ ಹಾಡ್ಲಾ? ಇವನಿಗೂ ಬೈದಿದೀನಿ, ಇವರಪ್ಪನಿಗೂ ಬೈದಿದೀನಿ."

"ತಂತಿ?"

"ನನ್ನ ಬೇಲೀದು. ಯಾರು ಬೇಕಾದ್ರೂ ಕಿತ್ಕೋಬಹುದು. ಬೇಲಿಗೆ ಇನ್ನೊಂದು ಬೇಲಿ ಹಾಕಿರ್ಲಿಲ್ಲ ನಾನು."

ಬೋತಿರ್ ನಕ್ಕ. ಆಗ ರೊಟ್ಟಿಯ ತಟ್ಟೆ ಹಿಡಿದು ಶುಹ್ರತ್ ಬಂದ. ನನ್ನ ಮುಖ ನೋಡಲಿಲ್ಲ. ತಟ್ಟೆ ಇಟ್ಟು ಹೊರಟವನನ್ನು ಓಪಾ ಕರೆದರು.

"ಕೈ ತೋರಿಸಪ್ಪ, ಮದುಮಗಳೇ."

ಅವನ ಕೈ ಬೆಳ್ಳಗಿರಲಿಲ್ಲ.

"ಅಮ್ಮನಿಗೆ ಸುಲಿದುಕೊಟ್ಟೆ ಓಪಾ," ಅಂದ, ಕೇಳುವ ಮೊದಲೇ. "ಕೊಯ್ಲು ಶುರುವಾದಾಗಿನಿಂದ ಕೊಡ್ತಿದೀನಿ. ಕಾನೂನಲ್ಲಿ ತಪ್ಪೇ, ಆದ್ರೆ ಅಮ್ಮ ಅಲ್ವಾ..."

"ಎರ್ಗಶ್ ಅವ್ರೇ, ನಿಮ್ಮ ಕೈ ಇದರ ಪಕ್ಕ ಇಡಿ."

ಅಮಕಿಯ ಬೆರಳ ತುದಿಗಳು, ಉಗುರುಸಂದುಗಳು, ಅಂಗೈ ಇದ್ದಿಲಾಗಿದ್ದವು. ಆದರೆ ಹಿಂಗೈ ಅವರ ಮುಖದಷ್ಟೇ ಬಿಳಿ. ಕಾಯಿ ಹಿಡಿಯುವುದು ಬೆರಳಲ್ಲಿ ತಾನೆ. ಶುಹ್ರತ್‌ನ ಕೈ ಹಿಂದೆಮುಂದೆ ಎನ್ನದೆ ಮಣಿಕಟ್ಟಿನವರೆಗೆ ಒಂದೇ ಸಮ ಕಂದು, ಗೋಡೆಗೆ ಬಳಿದ ಹಾಗೆ. ಇನ್ನೂ ಕಪ್ಪು ತಿರುಗಿರಲಿಲ್ಲ. ಅಂಚಿನಲ್ಲಿ ಹಳದಿ ಹಾಗೇ ಇತ್ತು.

ಕೋಣೆಯಲ್ಲಿದ್ದ ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಎಲ್ಲರೂ ಇಂಥ ಕಾಡಲ್ಲೇ ಹುಟ್ಟಿದವರು.

"ಇವತ್ತು ಬೆಳಿಗ್ಗೆ ಹಚ್ಚಿಕೊಂಡಿದ್ದು," ಓಪಾ ಅಂದರು. "ಬಟ್ಟೆ ವಿಷಯ ಇವತ್ತು ಬೆಳಿಗ್ಗೆ ನಾನು ಹೇಳಿದ್ದು ಒಬ್ಬರಿಗೇ. ನಿಮ್ಮ ಕಿವೀಲಿ ಹಾಕಿದ ಮಾತು ಇವನ ಕೈಗೆ ಹೇಗೆ ಇಳೀತು ಬೋತಿರ್ ಅವ್ರೇ?"

ಬೋತಿರ್ ರೊಟ್ಟಿ ಮುರಿದು ಎಲ್ಲರ ಮುಂದೆ ಒಂದೊಂದು ತುಂಡು ಇಟ್ಟ.

"ತಂತಿ ನಾನು ಕಟ್ಟಿಲ್ಲ," ಶುಹ್ರತ್‌ನ ದನಿ ಒಡೆದಿತ್ತು. "ನಿಶೋನ್, ನಿನ್ನಾಣೆ, ತಂತಿ ನಾನಲ್ಲ. ನಾನು ಹೋದಾಗ ಆಗಲೇ ಬಿಗಿದಿತ್ತು. ತೊಗಟೆಗೆ ಕಚ್ಕೊಂಡಿತ್ತು. ನೋಡೋಕಾಗ್ಲಿಲ್ಲ. ಬಟ್ಟೆ ಮಾತ್ರ ನಾನು..."

"ಬಿಗಿದ ತಂತಿ ಕೆಳಗೆ ಬಟ್ಟೆ ಹೇಗೋ ತೂರ್ತು?" ನಾನು ಕೇಳಿದೆ.

ಅವನು ತುಟಿ ಕಚ್ಚಿದ. "ಸಡಿಲ ಮಾಡಿ..."

"ಆಮೇಲೆ?"

ಸಡಿಲಿಸಿದ್ದನ್ನು ಮತ್ತೆ ಬಿಗಿದಿದ್ದ.

ಅಮಕಿ ಮೊದಲ ಸಲ ತಲೆಯೆತ್ತಿ ಅವನನ್ನು ನೋಡಿದರು. "ಮರಕ್ಕೆ ನೋಯ್ತದೆ ಅಂತ ಬಟ್ಟೆ ಸುತ್ದೆ. ಸರಿ. ಆ ಹುಡುಗಿಗೆ ಏನು ಸುತ್ತಿದ್ಯೋ?"

"ದನ ತಡೆಯೋಕೆ ಅಂದ್ರು ಅಮಕಿ! ಸೊಂಟದ ಮಟ್ಟಕ್ಕೆ ಇಳಿಸ್ತೀವಿ ಅಂದ್ರು, ಸೈಕಲ್ ಬರೋ ಮೊದ್ಲೇ..."

"ಯಾರು ಅಂದ್ರು?" ಓಪಾ ಮುಂದೆ ಬಾಗಿದರು.

"ಶುಹ್ರತ್," ಬೋತಿರ್ ಅಂದ. ಅಷ್ಟೇ. ಮಗುವನ್ನು ಊಟಕ್ಕೆ ಕರೆಯುವ ದನಿ. ಶುಹ್ರತ್‌ನ ಬಾಯಿ ಮುಚ್ಚಿತು.

ಬೋತಿರ್ ಕೈ ಒರೆಸಿಕೊಂಡ. "ತಂಗಿ, ನಿನ್ನ ಮೇಲಿನವರು ಆಗಲೇ ಮಾತಾಡಿದಾರೆ. ಸಂಜೆಗೆ ಈ ಕೇಸು ನಿನ್ನ ಕೈಯಲ್ಲಿರಲ್ಲ. ಹಾಗಾಗಿ ಕೇಳು, ಯಾರಿಗೂ ನೋವಾಗದ ಹಾಗೆ ಮುಗಿಸೋಣ. ಎರ್ಗಶ್ ಹಸುಗಳಿಗೆ ಬೇಲಿ ಹಾಕಿದ, ಹುಡುಗಿ ನೋಡದೆ ಬಂದಳು, ಆಕಸ್ಮಿಕ. ಜೀಪು ಬೇಡ, ಜೈಲು ಬೇಡ. ಅವನ ಮರ ಅವನದೇ."

ಗೋಡೆಗೆ ಒರಗಿದ್ದ ಕೊಡಲಿಯನ್ನು ತಂದು ಅಮಕಿಯ ಮುಂದಿಟ್ಟ. ಬುಧವಾರ ಅಮಕಿಯ ಗುಡಾರದಿಂದ ಎತ್ತಿಕೊಂಡು ಬಂದಿದ್ದು.

"ಒಂದೇ ಕೆಲಸ. ಕಾಲುವೆ ಬಾಯಿಂದ ಹುಲ್ಲುಗಾಡಿ ದಾರಿವರೆಗೆ ಮುಳ್ಳು ಕಡಿದು ಅಡ್ಡ ಕೆಡವಿಬಿಡು. ದಾರಿ ಮುಚ್ಚಿಹೋಗ್ಲಿ. ನಿನಗೂ ಈ ಸೈಕಲ್ಲಿನವರ ಕಾಟ ತಪ್ಪುತ್ತೆ. ರಾತ್ರಿ ಹೆಂಡತಿ ಮಾಡಿದ ಪಲಾವ್ ತಿಂದು ನಿನ್ನ ಮರದ ಕೆಳಗೆ ಮಲ್ಕೋ."

ನಾನು ಓಪಾ ಅವರ ಮುಖ ನೋಡಿದೆ. ಅವರು ಅದನ್ನು ಸುಳ್ಳು ಅನ್ನಲಿಲ್ಲ. ಸಂಜೆಗೆ ಕೇಸು ಹೋಗುತ್ತದೆ ಅನ್ನುವುದು ನಿಜವೇ ಇದ್ದೀತು.

ಮರದ ಕೆಳಗೆ ಒಂಟಿಯಾಗಿ ಕೂತಿದ್ದ ಆ ಹೆಂಗಸು ಕಣ್ಣಿಗೆ ಬಂದಳು. ನಾವು ಹುಡುಕಿದ ದಾರಿ ಹೋದರೆ ಹೋಗಲಿ ಅನ್ನಿಸಿತು.

"ಒಪ್ಕೊಳ್ಳಿ ಅಮಕಿ," ಅಂದೆ. "ಕಡೀರಿ. ಇನ್ನೊಂದು ದಾರಿ ಹುಡುಕ್ತೀವಿ ನಾವು. ಮನೆಗೆ ಹೋಗಿ."

"ನೀನು ಸುಮ್ನಿರೋ ಗಂಟೆಮಾರಿ."

ಅಮಕಿ ಕೊಡಲಿಯ ಹಿಡಿಯನ್ನು ಮುಟ್ಟಿ ನೋಡಿದರು, ಯಾರಾದರೂ ಬಳಸಿದ್ದಾರೋ ಅನ್ನುವ ಹಾಗೆ. ನನಗೆ ಉಸಿರು ಬಂತು. ಎತ್ತಿಕೊಳ್ಳುತ್ತಾರೆ ಅಂದುಕೊಂಡೆ.

"ಆ ಪೊದೆ ಹಿಂದೆ ಏನಿದೆ ಬೋತಿರ್?" ಅಂದರು.

"ಮುಳ್ಳಿದೆ. ಇನ್ನೇನು?"

"ನನ್ನ ಅತ್ತೆ ಮನೆಯವರ ಹಳೇ ಮರಗಳಿದ್ವು ಅಲ್ಲಿ. ನಿಮ್ಮವರು ಬೇಲಿ ಹಾಕಿ, ಎಳೆ ಸಸಿ ಇವೆ, ಹೋಗಬೇಡಿ ಅಂದ್ರು. ಹೋಗ್ಲಿಲ್ಲ. ಹೇಳಿದ ಮಾತು ಕೇಳಿಕೊಂಡೇ ಗಡ್ಡ ಬೆಳ್ಳಗಾಯ್ತು ನಂದು." ನನ್ನ ಕಡೆ ತಿರುಗಿದರು. "ಮರ ಇವೆಯೇನೋ?"

ಏನು ಹೇಳಲಿ! "ನಿಂತಿವೆ ಅಮಕಿ," ಅಂದೆ. "ಬುಡ ಇಲ್ಲ."

ಹೊರಗೆ ಜೀಪು ಬಂದು ನಿಂತ ಸದ್ದಾಯಿತು. ಬೋತಿರ್ ಎದ್ದು ಬೀದಿ ಬಾಗಿಲನ್ನು ಅಗಲಕ್ಕೆ ತೆರೆದ. ಆಚೆ ಬೆಳಕಿತ್ತು, ಊರಿನ ದಾರಿ ಕಾಣುತ್ತಿತ್ತು.

"ಏಳು ಎರ್ಗಶ್. ಕತ್ತಲಾಗೋದ್ರೊಳಗೆ ಕಡಿದು ಮುಗಿಸು. ನೀನು ಬಿಡುಗಡೆ."

ಅಮಕಿ ಕೊಡಲಿಯನ್ನು ಅಂಗೈಯಿಂದ ದೂರ ತಳ್ಳಿದರು.

"ಆ ದಾರಿ ನಾನು ಮುಚ್ಚಲ್ಲ, ಇಳಿಯೋರೆಲ್ಲ ಆ ಬುಡ ನೋಡ್ಲಿ," ಅಂದರು. "ಜೀಪು ಬಂದಿದೆಯಲ್ಲ, ನಡೀರಿ ಜೈಲಿಗೆ."